ಸಮುದಾಯ ಬಾನುಲಿಯಲ್ಲಿ ಬೆಳಿಗ್ಗೆ 7ರಿಂದ 8ರ ಊರಿನ ಆಗುಹೋಗು ಕಾರ್ಯಕ್ರಮ: ಏನು ಹೇಳಬಹುದು, ಹೇಗೆ ಕಟ್ಟಬೇಕು?

ನಾಲೆ_ಬದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಂಡ್ಯ ಸೀಮೆಯ ಒಂದು ತಾಲ್ಲೂಕಿನಲ್ಲಿ ಸಮುದಾಯ ಬಾನುಲಿ ಕೇಂದ್ರ. 50 ವ್ಯಾಟ್ ಟ್ರಾನ್ಸ್‌ಮಿಟರ್, ಒಂದೇ ಸ್ಟುಡಿಯೋ, 8 ಚಾನೆಲ್ ಮಿಕ್ಸರ್, ಇಬ್ಬರು ನಿರೂಪಕರು, ಒಬ್ಬ ತಾಂತ್ರಿಕ ಸಹಾಯಕ. ಸದ್ಯ ಬೆಳಿಗ್ಗೆ ಭಕ್ತಿಗೀತೆ, ಚಿತ್ರಗೀತೆ ಮಾತ್ರ ಹೋಗುತ್ತಿದೆ. ಆ ಹೊತ್ತಿನಲ್ಲಿ ಊರಿನ ಆಗುಹೋಗು, ಸುದ್ದಿ, ಸಾರ್ವಜನಿಕ ವಿಷಯಗಳ ಚರ್ಚೆ ಇರುವ ಒಂದು ಗಂಟೆಯ ನೇರ ಕಾರ್ಯಕ್ರಮ ಮಾಡಬೇಕೆಂಬ ಯೋಜನೆ ಇದೆ. ಕೇಳಬೇಕಾದ್ದು ಇಷ್ಟು:

ಸಮುದಾಯ ಬಾನುಲಿಗೆ ಸುದ್ದಿ ನಿಷಿದ್ಧ ಎನ್ನುತ್ತಾರೆ. ಹಾಗಾದರೆ ಕರೆಂಟ್ ಇಲ್ಲ, ನಾಲೆಗೆ ನೀರು ಬಿಟ್ಟರು, ಬೆಲ್ಲದ ರೇಟು ಇಷ್ಟು ಎಂದು ಹೇಳುವುದೂ ತಪ್ಪೇ? ದಿನಪತ್ರಿಕೆಯ ತಲೆಬರಹಗಳನ್ನು ಪತ್ರಿಕೆಯ ಹೆಸರು ಹೇಳಿ ಓದಬಹುದೇ? ಆಕಾಶವಾಣಿ ವಾರ್ತೆಯನ್ನು ನಮ್ಮ ತರಂಗಾಂತರದಲ್ಲಿ ಹಾಕುವುದು ಹೇಗೆ? ಫೋನ್ ಕರೆ ತೆಗೆದುಕೊಂಡರೆ ಎಕೋ ಬರುತ್ತದೆ, ಅದಕ್ಕೆ ಏನು ಮಾಡಬೇಕು?

ತರಂಗ_ನಿಯಮ:

ಮೊದಲು ನಿಯಮ ತಿಳಿದುಕೊಳ್ಳಿ, ಕಾರ್ಯಕ್ರಮದ ಆಕಾರ ಅದರಿಂದಲೇ ಹುಟ್ಟುತ್ತದೆ.

ಸಮುದಾಯ ಬಾನುಲಿಗೆ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅವಕಾಶವಿತ್ತು. 2006ರಲ್ಲಿ ಅದು ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ವಿಸ್ತರಿಸಿತು. 2024ರಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಯಿತು. ಇಷ್ಟರ ನಡುವೆಯೂ ಬದಲಾಗದೆ ಉಳಿದದ್ದು ಒಂದು ನಿಯಮ: ಸ್ವಂತವಾಗಿ ಸುದ್ದಿ ಸಂಗ್ರಹಿಸಿ ಬಿತ್ತರಿಸುವಂತಿಲ್ಲ, ರಾಜಕೀಯ ವಿಷಯ ಬೇಡ. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಕ್ಕೆ ಆಕಾಶವಾಣಿಯೊಂದೇ ಮೂಲ. ಆಕಾಶವಾಣಿಯದನ್ನು ಇದ್ದ ಹಾಗೇ ಹಾಕಬಹುದು, ಇಲ್ಲವೇ ಸ್ಥಳೀಯ ಭಾಷೆಗೆ, ಉಪಭಾಷೆಗೆ ಅನುವಾದಿಸಿ ಓದಬಹುದು. ಅನುವಾದ ಮೂಲಕ್ಕೆ ನಿಷ್ಠವಾಗಿದೆಯೇ ಎನ್ನುವ ಹೊಣೆ ಕೇಂದ್ರದ್ದೇ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಸುದ್ದಿಯ ಲೆಕ್ಕಕ್ಕೆ ಬಾರದ ವರ್ಗಗಳಿವೆ: ಹವಾಮಾನ, ಸಂಚಾರ, ಸ್ಥಳೀಯ ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ಹಬ್ಬ ಜಾತ್ರೆ, ಪರೀಕ್ಷೆ, ಫಲಿತಾಂಶ, ಪ್ರವೇಶ, ಉದ್ಯೋಗಾವಕಾಶ, ನೇರ ವೀಕ್ಷಕ ವಿವರಣೆ ಇಲ್ಲದ ಕ್ರೀಡಾ ಮಾಹಿತಿ, ಜೊತೆಗೆ ಸ್ಥಳೀಯ ಆಡಳಿತ ಕೊಡುವ ವಿದ್ಯುತ್, ನೀರು, ನೈಸರ್ಗಿಕ ವಿಕೋಪ, ಆರೋಗ್ಯ ಎಚ್ಚರಿಕೆಯಂಥ ಪ್ರಕಟಣೆಗಳು. "ಸ್ಥಳೀಯ ಆಡಳಿತ ಕೊಡುವ" ಎನ್ನುವ ಪದಗಳಿಗೆ ಅಡಿಗೆರೆ ಹಾಕಿಕೊಳ್ಳಿ. ಕರೆಂಟ್ ಇಲ್ಲ ಎಂದು ಪಕ್ಕದ ಮನೆಯವರು ಹೇಳಿದ್ದನ್ನು ಓದುವುದು ಬೇರೆ, ವಿದ್ಯುತ್ ಕಂಪನಿಯಾದ ಸೆಸ್ಕ್‌ನ ಪ್ರಕಟಣೆ ಓದುವುದು ಬೇರೆ. ಪ್ರತಿ ಅಂಶಕ್ಕೂ ಯಾರು ಕೊಟ್ಟರು, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಸ್ಕ್ರಿಪ್ಟಿನ ಅಂಚಿನಲ್ಲಿ ಬರೆದಿರಬೇಕು.

ದಿನನಿತ್ಯ ಮೇಜಿನ ಮೇಲೆ ವಿಷಯ ಆರಿಸುವಾಗ ಒಂದು ಅಳತೆ ಇಟ್ಟುಕೊಳ್ಳಬಹುದು (ಕಾನೂನಿನ ಮಾತಲ್ಲ, ಕೆಲಸದ ಅಳತೆ ಅಷ್ಟೆ): "ನಿನ್ನೆ ಏನಾಯಿತು" ಎಂದು ಶುರುವಾಗುವ ವಾಕ್ಯ ಸುದ್ದಿಯ ಕಡೆ ಜಾರುತ್ತದೆ. "ಇವತ್ತು, ನಾಳೆ ನೀವು ಏನು ಮಾಡಬೇಕು" ಎಂದು ಶುರುವಾಗುವುದು ಮಾಹಿತಿಯ ಕಡೆ ನಿಲ್ಲುತ್ತದೆ. ಕಾವೇರಿ ವಿಷಯದಲ್ಲಿ ಯಾವ ಸರ್ಕಾರ ಸರಿ, ಯಾವ ಆದೇಶ ತಪ್ಪು ಎಂದು ನಾಲ್ವರನ್ನು ಕೂರಿಸಿದರೆ ಅದು ಪ್ರಚಲಿತ ವಿದ್ಯಮಾನದ ಚರ್ಚೆ. ಕಟ್ಟು ಪದ್ಧತಿಯಲ್ಲಿ (ಸರದಿಯಂತೆ ಬಿಟ್ಟು ನಿಲ್ಲಿಸಿ) ನೀರು ಬರುವಾಗ ಯಾವ ಬೆಳೆ ಉಳಿಯುತ್ತದೆ, ತೂಬಿನ ತೊಂದರೆಗೆ ಯಾವ ಉಪವಿಭಾಗದ ಎಂಜಿನಿಯರಿಗೆ ಅರ್ಜಿ ಕೊಡಬೇಕು ಎಂದು ಮಾತಾಡಿದರೆ ಅದು ಕೃಷಿ ಮಾಹಿತಿ. ಎರಡನೆಯದೇ ಕೇಳುಗರಿಗೆ ಹೆಚ್ಚು ಬೇಕಾದದ್ದು ಕೂಡ.

ಪತ್ರಿಕೆಯ ತಲೆಬರಹ ಓದುವುದು ಬೇಡ.

ಹಳ್ಳಿ_ಕಟ್ಟೆ:

ತಲೆಬರಹದ ವಿಷಯದಲ್ಲಿ ನನಗೆ ಅಷ್ಟು ಖಡಾಖಂಡಿತ ಅನ್ನಿಸುವುದಿಲ್ಲ. ಪತ್ರಿಕೆ ಈಗಾಗಲೇ ಸಾರ್ವಜನಿಕವಾಗಿದೆ. ಹೆಸರು ಹೇಳಿ ಓದಿದರೆ ಅದು ನಮ್ಮ ಸುದ್ದಿ ಆಗುವುದಿಲ್ಲವಲ್ಲ? ಖಾಸಗಿ ಎಫ್‌ಎಂನವರು ಬೆಳಿಗ್ಗೆ ಹರಟೆಯ ನಡುವೆ ಎಷ್ಟೋ ಸುದ್ದಿ ತೇಲಿಸಿಬಿಡುತ್ತಾರೆ.

ತರಂಗ_ನಿಯಮ:

ಸರ್, ಅಲ್ಲೇ ಎಡವುವುದು. ನಿಯಮ ಕೇಳುವುದು "ಯಾರ ಸುದ್ದಿ" ಎಂದಲ್ಲ, "ಮೂಲ ಯಾವುದು" ಎಂದು. ಆಕಾಶವಾಣಿ ಬಿಟ್ಟು ಬೇರೆ ಮೂಲವಾದರೆ, ಅದು ಎಷ್ಟು ದೊಡ್ಡ ಪತ್ರಿಕೆಯಾದರೂ, ಅನುಮತಿಯ ಷರತ್ತಿಗೆ ಹೊರಗೆ. ಖಾಸಗಿ ಎಫ್‌ಎಂಗೂ ಇದೇ ಕಟ್ಟು ಇದೆ. 2023ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಖಾಸಗಿ ಎಫ್‌ಎಂಗೆ ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ಶಿಫಾರಸು ಮಾಡಿತು. ಶಿಫಾರಸು ಬೇರೆ, ಅನುಮತಿ ಬೇರೆ.

ಟಿವಿ, ಪತ್ರಿಕೆ, ಮೊಬೈಲ್ ಎಲ್ಲಕ್ಕೂ ಸುದ್ದಿ ಹೇಳುವ ಹಕ್ಕಿದ್ದು, ಹತ್ತು ಹದಿನೈದು ಕಿಲೋಮೀಟರ್ ಕೇಳಿಸುವ ಹಳ್ಳಿಯ ಬಾನುಲಿಗೆ ಮಾತ್ರ ಇಲ್ಲ ಎನ್ನುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ವಾಯುತರಂಗ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆ ಹೋರಾಟ ನಡೆಯಲೇಬೇಕು. ಆದರೆ ಅನುಮತಿ ಪತ್ರಕ್ಕೆ ಸಹಿ ಹಾಕಿದ ಕೇಂದ್ರ ಅದನ್ನು ಮೈಕಿನ ಮುಂದೆ ಪರೀಕ್ಷೆ ಮಾಡಬಾರದು. ಕಳೆದುಕೊಳ್ಳುವವರು ಕೇಳುಗರು.

ಮುಂಜಾನೆ_ಮಿಕ್ಸರ್:

ಗಂಟೆಯ ನಕ್ಷೆ ಹೇಳುತ್ತೇನೆ. ಬೆಳಿಗ್ಗೆ 7.35ರ ಆಕಾಶವಾಣಿ ಕನ್ನಡ ವಾರ್ತೆಯನ್ನು ಗೂಟವಾಗಿ ನೆಟ್ಟುಕೊಂಡು ಉಳಿದದ್ದನ್ನು ಅದರ ಸುತ್ತ ಕಟ್ಟಿ. ಅದು 10 ನಿಮಿಷ. ಹಾಗಾಗಿ ನಿಮಗೆ ಮುಂಚೆ 35 ನಿಮಿಷ, ಆಮೇಲೆ 15 ನಿಮಿಷ.

7.00ರಿಂದ 7.08: ಇವತ್ತಿನ ಅಗತ್ಯ. ಕರೆಂಟ್, ಕುಡಿಯುವ ನೀರು, ಬಸ್ಸು, ಮಳೆ. 7.08ರಿಂದ 7.12: ಒಂದು ಹಾಡು. 7.12ರಿಂದ 7.18: ಮಾರುಕಟ್ಟೆ ದರ. 7.18ರಿಂದ 7.31: ದಿನದ ವಿಷಯ, ಅತಿಥಿಯೊಂದಿಗೆ. 7.45ರಿಂದ 7.56: ಅದೇ ವಿಷಯಕ್ಕೆ ಕೇಳುಗರ ಕರೆ. ಕೊನೆಯ 4 ನಿಮಿಷ: ಕರೆಂಟು ನೀರಿನ ಮಾಹಿತಿ ಇನ್ನೊಮ್ಮೆ, ನಾಳೆಯ ವಿಷಯ. ಮೊದಲ ಎಂಟು ನಿಮಿಷದಲ್ಲಿ ಹೇಳಿದ್ದು ಹಾಲು ಹಾಕಲು ಡೇರಿಗೆ ಹೋದವರಿಗೆ ತಪ್ಪಿರುತ್ತದೆ, ಆದ್ದರಿಂದ ಮರುಓದು ಬಿಡಬೇಡಿ.

ಎಲ್ಲರೂ ಎಡವುವ ಜಾಗ 7.31ರಿಂದ 7.35. ಅತಿಥಿ ಮಾತು ನಿಲ್ಲಿಸುವುದಿಲ್ಲ, ಅಥವಾ ಬೇಗ ನಿಲ್ಲಿಸಿ ಖಾಲಿ ಬಿಡುತ್ತಾರೆ. ಪರಿಹಾರ ಹಿಂದಿನಿಂದ ಲೆಕ್ಕ ಹಾಕುವುದು. 3 ನಿಮಿಷ 40 ಸೆಕೆಂಡಿನ ಕೊಳಲೋ ವೀಣೆಯೋ, ಮಾತಿಲ್ಲದ ಒಂದು ತುಣುಕು ಇಟ್ಟುಕೊಳ್ಳಿ. ಸರಿಯಾಗಿ 7.31.00ಕ್ಕೆ ಫೇಡರ್ (ದನಿ ಏರಿಸಿ ಇಳಿಸುವ ಮಿಕ್ಸರಿನ ಜಾರುಗುಂಡಿ) ಪೂರ್ತಿ ಕೆಳಗಿಟ್ಟು ಅದನ್ನು ಶುರು ಮಾಡಿ. ಯಾರಿಗೂ ಕೇಳಿಸುವುದಿಲ್ಲ. ಮಾತು 7.32ಕ್ಕೆ ಮುಗಿಯಲಿ, 7.33ಕ್ಕೆ ಮುಗಿಯಲಿ, ಆಗ ಫೇಡರ್ ಮೇಲೆತ್ತಿ. ತುಣುಕು ತಾನಾಗಿ 7.34.40ಕ್ಕೆ ಮುಗಿಯುತ್ತದೆ. "ಈಗ ಆಕಾಶವಾಣಿಯ ವಾರ್ತೆ" ಎನ್ನಲು 20 ಸೆಕೆಂಡ್ ಧಾರಾಳ.

ವಾರ್ತೆಯ ಧ್ವನಿ ಎಲ್ಲಿಂದ ತರುವುದು? ನಾಲ್ಕು ದಾರಿ.

ಮೊಬೈಲ್ ಆ್ಯಪ್ ಸುಲಭ, ಆದರೆ ಧ್ವನಿ ತಡವಾಗಿ ಬರುತ್ತದೆ. ಆ ತಡ ದಿನದಿನಕ್ಕೆ ಬೇರೆ. ಗಡಿಯಾರ ನಂಬಿ ಫೇಡರ್ ಎತ್ತಿದರೆ ಹಿಂದಿನ ಕಾರ್ಯಕ್ರಮದ ಬಾಲ ನಿಮ್ಮ ಕೇಂದ್ರದಲ್ಲಿ ಹೋಗುತ್ತದೆ. ಮೀಡಿಯಂ ವೇವ್ ರೇಡಿಯೋದಲ್ಲಿ (ಬೆಂಗಳೂರು 612, ಧಾರವಾಡ 765 ಕಿಲೋಹರ್ಟ್ಜ್) ತಡವಿಲ್ಲ, ಆದರೆ ಸ್ಟುಡಿಯೋದ ಎಲ್‌ಇಡಿ ದೀಪ, ಕಂಪ್ಯೂಟರಿನ ಪವರ್ ಸಪ್ಲೈ ಎಲ್ಲ ಸೇರಿ ಗೊರಗೊರ ಶಬ್ದ. ಎಫ್‌ಎಂ ರೇಡಿಯೋ ಇಟ್ಟರೆ ನಿಮ್ಮದೇ ಆಂಟೆನಾ ಮೇಲಿರುವುದರಿಂದ ಅದು ಬೇರೆ ಕೇಂದ್ರವನ್ನು ಹಿಡಿಯಲು ತಿಣುಕುತ್ತದೆ. ಚೆನ್ನಾಗಿ ನಡೆಯುವುದು ಡಿಡಿ ಫ್ರೀ ಡಿಶ್: ಒಂದು ತಟ್ಟೆ, ಒಂದು ಸೆಟ್‌ಟಾಪ್ ಬಾಕ್ಸ್, ಆಕಾಶವಾಣಿಯ ಕನ್ನಡ ವಾಹಿನಿ ಅದರಲ್ಲಿ ಸಿಗುತ್ತದೆ. ತಿಂಗಳ ಬಾಡಿಗೆ ಇಲ್ಲ. ಬಾಕ್ಸಿನ ಕೆಂಪು ಬಿಳಿ ಆಡಿಯೋ ಪಿನ್‌ಗಳಿಂದ ಮಿಕ್ಸರಿನ ಲೈನ್ ಇನ್‌ಪುಟ್‌ಗೆ ತಂತಿ. ಕೆಲವು ಸೆಕೆಂಡ್ ತಡ ಇದ್ದರೂ ದಿನವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಯಾವುದೇ ಆದರೂ ಒಬ್ಬರು ಹೆಡ್‌ಫೋನಿನಲ್ಲಿ ಆ ಚಾನೆಲ್ಲಿನ ಕ್ಯೂ (ಪ್ರಸಾರಕ್ಕೆ ಹೋಗುವ ಮುಂಚೆ ಕೇಳುವ ಗುಂಡಿ) ಒತ್ತಿ ಕೇಳುತ್ತಿದ್ದು, ಕಿವಿಯಿಂದಲೇ ಫೇಡರ್ ಎತ್ತಬೇಕು.

ವಾರ್ತೆಯ ನಡುವೆ ಕತ್ತರಿಸಬೇಡಿ, ನಿಮ್ಮ ಜಾಹೀರಾತು ತೂರಿಸಬೇಡಿ, ಹಿನ್ನೆಲೆಗೆ ಸಂಗೀತ ಸೇರಿಸಬೇಡಿ. ಸಿಗ್ನಲ್ ಕೈಕೊಟ್ಟರೆ? 10 ನಿಮಿಷದ ಆರೋಗ್ಯ ಅಥವಾ ಕೃಷಿ ಧ್ವನಿಮುದ್ರಿಕೆ ಒಂದು ಸದಾ ಸಿದ್ಧವಿರಲಿ. "ತಾಂತ್ರಿಕ ಕಾರಣದಿಂದ ವಾರ್ತೆ ಕೊಡಲಾಗುತ್ತಿಲ್ಲ" ಎಂದು ಹೇಳಿ ಅದನ್ನು ಹಾಕಿ. ನಿರೂಪಕರು ಮೊಬೈಲ್ ನೋಡಿ ಸುದ್ದಿ ಸಾರಾಂಶ ಹೇಳಲು ಹೊರಡುವುದು ಇಂಥ ಗಳಿಗೆಯಲ್ಲೇ.

ಸದ್ದು_ಸರಿಗೆ:

ಫೋನ್ ಎಕೋ ಬಗ್ಗೆ. ಕಾರಣ ಒಂದೇ: ಕರೆ ಮಾಡಿದವರ ದನಿ ನಿಮ್ಮ ಮಿಕ್ಸರಿಗೆ ಬಂದು, ಅಲ್ಲಿಂದ ಮತ್ತೆ ಅವರ ಕಿವಿಗೇ ಹೋಗುತ್ತಿದೆ. ಅವರಿಗೆ ಎಲ್ಲವೂ ಹೋಗಬೇಕು, ಅವರ ದನಿಯೊಂದನ್ನು ಬಿಟ್ಟು. ಇದಕ್ಕೆ ಮಿಕ್ಸ್ ಮೈನಸ್ ಎನ್ನುತ್ತಾರೆ. ನಿಮ್ಮ 8 ಚಾನೆಲ್ ಮಿಕ್ಸರಿನಲ್ಲಿ ಒಂದು ಆಕ್ಸ್ ಸೆಂಡ್ (ಪ್ರಸಾರಕ್ಕಲ್ಲದೆ ಬೇರೆ ಕಡೆಗೆ ದನಿ ಕಳಿಸುವ ಪ್ರತ್ಯೇಕ ದಾರಿ) ಇದ್ದರೆ ಸಾಕು.

ಫೋನಿಗೆ ಹೋಗುವ ತಂತಿಯನ್ನು ಮುಖ್ಯ ಔಟ್‌ಪುಟ್‌ನಿಂದ ತೆಗೆದು ಆಕ್ಸ್ ಔಟ್‌ಗೆ ಹಾಕಿ. ನಿರೂಪಕರ ಮೈಕ್, ಅತಿಥಿ ಮೈಕ್, ಕಂಪ್ಯೂಟರ್, ಈ ಮೂರರ ಆಕ್ಸ್ ಗುಂಡಿ ನಡುಮಟ್ಟಕ್ಕೆ ತಿರುಗಿಸಿ. ಫೋನ್ ಬರುವ ಚಾನೆಲ್ಲಿನ ಆಕ್ಸ್ ಗುಂಡಿ ಪೂರ್ತಿ ಸೊನ್ನೆ. ಆಕ್ಸ್ ಪ್ರೀ ಫೇಡರ್ (ಫೇಡರಿಗೆ ಮುಂಚೆಯೇ ದನಿ ಪಡೆಯುವಂಥದ್ದು) ಆಗಿದ್ದರೆ ಒಳ್ಳೆಯದು, ಫೇಡರ್ ಕೆಳಗಿದ್ದಾಗಲೂ ಕರೆಯವರೊಂದಿಗೆ ಪ್ರಸಾರದ ಹೊರಗೆ ಮಾತಾಡಬಹುದು. ಹಾಡು ಹೋಗುತ್ತಿರುವಾಗ ಅವರ ಹೆಸರು, ಊರು, ಪ್ರಶ್ನೆ ಕೇಳಿಕೊಳ್ಳಲು ಇದು ಬೇಕೇ ಬೇಕು. ಆದರೆ ಆ ಹೊತ್ತಿನಲ್ಲಿ ನಿರೂಪಕರ ಫೇಡರ್ ನಿಜಕ್ಕೂ ಕೆಳಗಿದೆಯೇ ಎಂದು ಎರಡು ಸಲ ನೋಡಿ.

ಮಿಕ್ಸರಿನ ಲೈನ್ ಮಟ್ಟದ ಸಿಗ್ನಲ್ ಮೊಬೈಲಿನ ಮೈಕ್ ಪಿನ್ನಿಗೆ ವಿಪರೀತ ಜಾಸ್ತಿ. ನೇರ ಕೊಟ್ಟರೆ ಆ ಕಡೆಯವರಿಗೆ ಹರಿದ ದನಿ ಕೇಳುತ್ತದೆ. ನಡುವೆ 40 ಡೆಸಿಬಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ. ಮೊಬೈಲ್ ಜ್ಯಾಕ್ ನಾಲ್ಕು ಪಟ್ಟಿಯದೇ ಆಗಿರಬೇಕು, ಮೂರು ಪಟ್ಟಿಯದಾದರೆ ಮೈಕ್ ಸಂಪರ್ಕವೇ ಇರುವುದಿಲ್ಲ. ಬಜೆಟ್ ಇದ್ದರೆ ಟೆಲಿಫೋನ್ ಹೈಬ್ರಿಡ್ (ಫೋನನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ) ಕೊಳ್ಳಿ, ಈ ತಾಪತ್ರಯ ಬಹುಪಾಲು ಅದೇ ನೋಡಿಕೊಳ್ಳುತ್ತದೆ. ಮೊಬೈಲನ್ನು ಮಿಕ್ಸರಿಗೂ ಮೈಕ್ ತಂತಿಗೂ ಕನಿಷ್ಠ ಒಂದು ಮೀಟರ್ ದೂರ ಇಡಿ. ಕರೆ ಬರುವ ಮುನ್ನ ಕೇಳುವ ಟರ್‌ಟರ್ ಸದ್ದು ಅದರ ರೇಡಿಯೋ ಮಿಡಿತ ತಂತಿಗೆ ಹತ್ತುವುದರಿಂದ ಬರುವುದು.

ಇಷ್ಟೆಲ್ಲ ಮಾಡಿದ ಮೇಲೂ ಎಕೋ ಬಂದರೆ ಕರೆ ಮಾಡಿದವರ ಮನೆಯಲ್ಲಿ ರೇಡಿಯೋ ಜೋರಾಗಿದೆ ಎಂದರ್ಥ. ಫೇಡರ್ ಎತ್ತುವ ಮುಂಚೆಯೇ ರೇಡಿಯೋ ಆರಿಸಲು ಹೇಳಿ, ಪ್ರಸಾರದ ಮಧ್ಯೆ ಅಲ್ಲ.

ಇನ್ನು ಕರೆಯಲ್ಲಿ ಯಾರಾದರೂ ಹೆಸರು ಹಿಡಿದು "ನಮ್ಮ ಪಿಡಿಒ ದುಡ್ಡು ತಿಂದ" ಎಂದರೆ ಹೋದ ಮಾತು ಹಿಂದೆ ಬರುವುದಿಲ್ಲ. ವಿಳಂಬ ಯಂತ್ರ (ದನಿಯನ್ನು ಕೆಲವು ಸೆಕೆಂಡ್ ತಡೆದು ಪ್ರಸಾರಕ್ಕೆ ಬಿಡುವುದು) ಇಲ್ಲದ ಕೇಂದ್ರಕ್ಕೆ ಸುರಕ್ಷಿತ ದಾರಿ: ಹಿಂದಿನ ಸಂಜೆಯೇ ವಿಷಯ ತಿಳಿಸಿ, ಬೆಳಿಗ್ಗೆ 6.15ರಿಂದ 6.50ರವರೆಗೆ ಬಂದ ಕರೆಗಳನ್ನು ಮುದ್ರಿಸಿಕೊಂಡು, ಆರಿಸಿ, 7.45ಕ್ಕೆ ಹಾಕುವುದು. ಅತಿಥಿ ಮಾತ್ರ ನೇರ. ಆ ದೂರನ್ನು ಕಸಕ್ಕೆ ಹಾಕಬೇಡಿ. ಅದನ್ನು ಪ್ರಕ್ರಿಯೆಯ ಪ್ರಶ್ನೆಯಾಗಿ ತಿರುಗಿಸಿ: ಕಾಮಗಾರಿಯ ಲೆಕ್ಕ ಗ್ರಾಮಸಭೆಯಲ್ಲಿ ಕೇಳುವುದು ಹೇಗೆ, ಮಾಹಿತಿ ಹಕ್ಕು ಅರ್ಜಿ ಯಾರ ಹೆಸರಿಗೆ, ಉತ್ತರಕ್ಕೆ 30 ದಿನ, ಬಾರದಿದ್ದರೆ ಮೇಲ್ಮನವಿ ಎಲ್ಲಿ. ಊರಿನವರ ಕೈಗೆ ಹಿಡಿ ಸಿಗುವುದು ಇದರಲ್ಲಿ.

ಬೆಲ್ಲದ_ಅಚ್ಚು:

ಬೆಲೆ, ನೀರು, ಕರೆಂಟು ಓದುವ ಬಗ್ಗೆ ಯಾರೂ ಹೇಳಲಿಲ್ಲ. ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ.

ಮಾರುಕಟ್ಟೆ ದರಕ್ಕೆ ಕೃಷಿ ಮಾರಾಟ ವಾಹಿನಿ ನೋಡಿ. ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಗರಿಷ್ಠ ಓದಿದರೆ ರೈತರು ಅದನ್ನೇ ನಂಬಿ ಗಾಡಿ ಕಟ್ಟಿಕೊಂಡು ಹೋಗಿ ಬೇಸರಪಡುತ್ತಾರೆ. ಹೆಚ್ಚು ಮಾಲು ಮಾರಾಟವಾದದ್ದು ಮಾದರಿ ದರಕ್ಕೆ, ಅದನ್ನೇ ಮುಂದಿಡಿ. ಆಮೇಲೆ ಆವಕ ಹೇಳಿ. ದರ ಯಾವ ದಿನದ್ದು ಎಂಬುದನ್ನು ಬಿಡಲೇಬೇಡಿ, ಬೆಳಿಗ್ಗೆ 7ಕ್ಕೆ ಓದುವುದು ನಿನ್ನೆಯ ದರ. ಅಳತೆ ಬೆರೆಸಬೇಡಿ: ಬೆಲ್ಲ ಕ್ವಿಂಟಾಲಿಗೆ, ರೇಷ್ಮೆಗೂಡು ಕಿಲೋಗೆ (ಮಿಶ್ರತಳಿ, ದ್ವಿತಳಿ ಬೇರೆಬೇರೆ), ಮದ್ದೂರಿನ ಎಳನೀರು ಕಾಯಿಗೆ.

ಅಣೆಕಟ್ಟೆಯ ಮಟ್ಟಕ್ಕೆ ನೀರಾವರಿ ಇಲಾಖೆಯ ಅಥವಾ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದಿನದ ಪಟ್ಟಿ ಹಿಡಿಯಿರಿ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. "ಇವತ್ತು 110 ಅಡಿ" ಎಂದಷ್ಟೇ ಹೇಳದೆ "ತುಂಬಲು ಇನ್ನೂ ಹದಿನೈದು ಅಡಿ ಹತ್ತಿರ ಬೇಕು" ಎನ್ನಿ. ಆಲಮಟ್ಟಿಯದು ಮೀಟರಿನಲ್ಲಿ ಇರುತ್ತದೆ (519.60), ಎರಡನ್ನೂ ಒಂದೇ ಉಸಿರಲ್ಲಿ ಓದಿದರೆ ಕೇಳುವವರಿಗೆ ಗೊಂದಲ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತದೆ ಎಂಬ ಅಳತೆ, ಟಿಎಂಸಿ ಎಂದರೆ ನಿಂತ ನೀರಿನ ಮೊತ್ತ (ನೂರು ಕೋಟಿ ಘನ ಅಡಿ). ಸುಮಾರು 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ. ಈ ಒಂದು ಲೆಕ್ಕವನ್ನು ವಾರಕ್ಕೊಮ್ಮೆ ವಿವರಿಸಿ. ಮಂಡ್ಯದ ರೈತ ಆಮೇಲೆ ಪತ್ರಿಕೆಯ ಅಂಕಿಯನ್ನು ತಾನೇ ಅಳೆದು ನೋಡುತ್ತಾನೆ. ಬೇಸಾಯಕ್ಕೂ ಸಾರ್ವಜನಿಕ ಮಾತಿಗೂ ಇದಕ್ಕಿಂತ ಉಪಯೋಗದ ಎರಡು ನಿಮಿಷ ಸಿಗುವುದಿಲ್ಲ.

ಇಲಾಖೆಯ ಪ್ರಕಟಣೆಯನ್ನು ಬಂದ ಹಾಗೆ ಓದಬೇಡಿ. ಅದು ಹೀಗಿರುತ್ತದೆ: "66/11 ಕೆವಿ ವಿದ್ಯುತ್ ಉಪಕೇಂದ್ರದಲ್ಲಿ ತುರ್ತು ನಿರ್ವಹಣಾ ಕಾಮಗಾರಿ ಹಮ್ಮಿಕೊಂಡಿರುವ ಪ್ರಯುಕ್ತ ಸದರಿ ಕೇಂದ್ರದಿಂದ ಹೊರಹೊಮ್ಮುವ ಮಾರ್ಗಗಳ ವ್ಯಾಪ್ತಿಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ ಉಂಟಾಗಲಿದೆ." ಮೈಕಿನಲ್ಲಿ ಹೀಗೆ ಹೇಳಿ: "ಇವತ್ತು ಬೆಳಿಗ್ಗೆ ಹತ್ತು ಗಂಟೆಯಿಂದ ಸಂಜೆ ಐದರ ತನಕ ಕರೆಂಟ್ ಇರೋದಿಲ್ಲ. ಯಾವ್ಯಾವ ಊರು, ಕೇಳಿಸ್ಕೊಳ್ಳಿ..." ಊರುಗಳ ಪಟ್ಟಿ ನಿಧಾನ, ಮೂರು ಊರಿಗೊಂದು ಉಸಿರು. ಕೊನೆಗೆ "ನೀರು ಹಾಯಿಸೋದು, ಹಿಟ್ಟು ಬೀಸೋದು ಹತ್ತರೊಳಗೆ ಮುಗಿಸ್ಕೊಳ್ಳಿ" ಎಂದು ಸೇರಿಸಿ. ಸಮಯ ಮೊದಲು, ಊರು ಆಮೇಲೆ, ಕಾರಣ ಕೊನೆಗೆ. ಕಾರಣ ಬಿಟ್ಟರೂ ನಷ್ಟವಿಲ್ಲ.

ನಾಲೆ_ಬದಿ:

ಬಹಳ ಉಪಕಾರವಾಯಿತು. ಇನ್ನೂ ಮೂರು ಪ್ರಶ್ನೆ. ಬೆಳಿಗ್ಗೆ ಆ ಹೊತ್ತಿಗೇ ಕರೆಂಟ್ ಹೋದರೆ ಎಷ್ಟು ಬ್ಯಾಟರಿ ಬೇಕು? ಧ್ವನಿಮುದ್ರಣ ಎಷ್ಟು ದಿನ ಇಡಬೇಕು, ಎಷ್ಟು ಜಾಗ ಹಿಡಿಯುತ್ತದೆ? ಜಾಹೀರಾತು ಸೇರಿಸಿದರೆ ಎಷ್ಟರವರೆಗೆ?

ಸದ್ದು_ಸರಿಗೆ:

ಟ್ರಾನ್ಸ್‌ಮಿಟರ್, ಕಂಪ್ಯೂಟರ್, ಮಿಕ್ಸರ್, ಸೆಟ್‌ಟಾಪ್ ಬಾಕ್ಸ್, ಎರಡು ದೀಪ ಸೇರಿ 400 ವ್ಯಾಟ್ ಎಂದುಕೊಳ್ಳಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್ ಅವರ್. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು, ಆಯಸ್ಸು ಕಡಿಮೆಯಾಗುತ್ತದೆ: ಉಳಿದದ್ದು 900. ಇನ್ವರ್ಟರಿನ ನಷ್ಟ ಕಳೆದರೆ ಸುಮಾರು 740. ಅಂದರೆ ಸುಮಾರು ಒಂದೂಮುಕ್ಕಾಲು ಗಂಟೆ, ನಿಮ್ಮ ಕಾರ್ಯಕ್ರಮಕ್ಕೆ ಸಾಕು. ಎಸಿಯನ್ನು ಆ ಸಾಲಿಗೆ ಹಾಕಬೇಡಿ. ಕಂಪ್ಯೂಟರಿಗೆ ಮಾತ್ರ ಪ್ರತ್ಯೇಕ ಸಣ್ಣ ಯುಪಿಎಸ್ ಇರಲಿ. ಇನ್ವರ್ಟರ್ ಬದಲಾಗುವ ಆ ಕ್ಷಣದಲ್ಲಿ ಕಂಪ್ಯೂಟರ್ ಮರುಚಾಲೂ ಆದರೆ ಪ್ಲೇಲಿಸ್ಟ್ ತೆರೆದುಕೊಳ್ಳುವವರೆಗೂ ಗಾಳಿಯಲ್ಲಿ ಮೌನ.

ತರಂಗ_ನಿಯಮ:

ಜಾಹೀರಾತು ಗಂಟೆಗೆ 12 ನಿಮಿಷದವರೆಗೆ. 2024ಕ್ಕೆ ಮುಂಚೆ 7 ನಿಮಿಷ ಇತ್ತು. ಸರ್ಕಾರಿ ಜಾಹೀರಾತಿನ ದರವೂ ಆಗಲೇ 10 ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತು. ಬೆಳಗಿನ ಗಂಟೆಗೆ ಬೇಡಿಕೆ ಇರುತ್ತದೆ, ಆದರೆ ಗೊಬ್ಬರದಂಗಡಿಯವರನ್ನು ಅತಿಥಿಯಾಗಿ ಕೂರಿಸಿ ಹಣ ಪಡೆಯಬೇಡಿ. ಅದು ಜಾಹೀರಾತೇ, ಜಾಹೀರಾತು ಎಂದೇ ಹೇಳಿ.

ಮುದ್ರಣ 3 ತಿಂಗಳು ಇಡಬೇಕು. 128 ಕೆಬಿಪಿಎಸ್ ಎಂಪಿ3ಯಲ್ಲಿ ಗಂಟೆಗೆ ಸುಮಾರು 58 ಎಂಬಿ. ದಿನಕ್ಕೆ 16 ಗಂಟೆ ಪ್ರಸಾರವಾದರೆ 90 ದಿನಕ್ಕೆ 83 ಜಿಬಿ ಆಸುಪಾಸು. 500 ಜಿಬಿಯ ಡಿಸ್ಕ್ ಎರಡು ಕೊಂಡು ಒಂದನ್ನು ಬೇರೆ ಕೋಣೆಯಲ್ಲಿಡಿ. ಮುದ್ರಣವನ್ನು ಮಿಕ್ಸರಿನಿಂದ ತೆಗೆಯಬೇಡಿ, ಒಂದು ಎಫ್‌ಎಂ ರೇಡಿಯೋದಿಂದ ತೆಗೆಯಿರಿ. ದೂರು ಬಂದಾಗ ಕೇಳುವುದು ನೀವು ಸ್ಟುಡಿಯೋದಲ್ಲಿ ಏನು ಅಂದಿರಿ ಎಂದಲ್ಲ, ಗಾಳಿಯಲ್ಲಿ ಏನು ಹೋಯಿತು ಎಂದು. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಗಂಟೆ ಈ ಕ್ರಮದಲ್ಲಿರಲಿ. ವಾರ್ತೆಯನ್ನು ಅನುವಾದಿಸಿ ಓದಿದ ದಿನ ಆಕಾಶವಾಣಿಯ ಮೂಲ ಮುದ್ರಣ ಮತ್ತು ನಿಮ್ಮ ಅನುವಾದದ ಹಾಳೆ ಎರಡನ್ನೂ ಅದೇ ಕಡತಕೋಶದಲ್ಲಿ ಒಟ್ಟಿಗೆ ಇಡಿ.